ಜರ್ಮನಿಗೆ ಹೊರಟವರ ಚೀಲ ಬಿಚ್ಚಿಸಿದ ದಿನ

ಹೈದರಾಬಾದಿನ ಒಂದು ಖಾಸಗಿ ಭಾಷಾ ಸಂಸ್ಥೆಯಲ್ಲಿ ನಾನು ಆರು ವರ್ಷ ಜರ್ಮನ್ ಕಲಿಸಿದೆ. ಅಪ್ಪ ಬೀದರ್ ಕಡೆಯಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅವರ ವರ್ಕ್‌ಶಾಪಿನ ಹಳೆಯ ಯಂತ್ರವೊಂದರ ಮೇಲೆ ಜರ್ಮನ್ ಅಕ್ಷರಗಳಿದ್ದವಂತೆ. ಅವನ್ನು ಇದ್ದ ಹಾಗೇ ಚೀಟಿಯಲ್ಲಿ ಬರೆದು ತಂದು, ಇದೇನು ಬರೆದಾರ ಓದಿ ಹೇಳು ಎಂದಿದ್ದರು. ನಾನಾಗ ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಓದಲಾಗಲಿಲ್ಲ. ಆ ನಾಚಿಕೆಯಿಂದಲೇ ಕಲಿತೆ ಎನ್ನಬೇಕು.

ನಮ್ಮ ಸಂಸ್ಥೆಯವರು ಪ್ರತಿ ಬೇಸಿಗೆ ಹದಿನೈದು ವಿದ್ಯಾರ್ಥಿಗಳನ್ನು ನಾಲ್ಕು ವಾರ ಜರ್ಮನಿಯ ಒಂದು ಸಣ್ಣ ಊರಿಗೆ ಕರೆದೊಯ್ಯುತ್ತಿದ್ದರು. ಬೆಳಿಗ್ಗೆ ಅಲ್ಲಿನ ಶಿಕ್ಷಕರಿಂದ ಭಾಷೆಯ ಪಾಠ, ಮಧ್ಯಾಹ್ನ ಊರು ನೋಡುವುದು, ಉಳಿಯುವುದು ಅಲ್ಲಿನವರ ಮನೆಗಳಲ್ಲಿ. ಹದಿನಾಲ್ಕು ಮಂದಿ ಅನುಕೂಲಸ್ಥರ ಮಕ್ಕಳು. ಪರೀಕ್ಷೆಯಲ್ಲಿ ಮೊದಲು ಬಂದ ಒಬ್ಬರಿಗೆ ಮಾತ್ರ ಉಚಿತ ಸೀಟು. ಆ ಒಬ್ಬರ ಫೋಟೋ ವರ್ಷವಿಡೀ ಸಂಸ್ಥೆಯ ಬಾಗಿಲಲ್ಲಿ ಹಲ್ಲು ಬಿಡುತ್ತಿರುತ್ತಿತ್ತು.

ಆ ವರ್ಷ ಸೀಟು ಸಿಕ್ಕಿದ್ದು ಪಟಾನ್‌ಚೆರುವಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿಗೆ. ಬಿ.ಎಸ್ಸಿ. ಎರಡನೇ ವರ್ಷ. ಅಪ್ಪ ಔಷಧ ಕಾರ್ಖಾನೆಯಲ್ಲಿ ಡ್ರಮ್ಮು ತೊಳೆಯುವ ಕೆಲಸದವನು. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರಿಗೆ ಮಾರುತ್ತಿದ್ದಳು. ಕಲಬುರಗಿ ಕಡೆಯವರು. ಹುಡುಗಿ ಕ್ಲಾಸಿನಲ್ಲಿ ಮಾತಾಡುತ್ತಿದ್ದದ್ದು ಕಡಿಮೆ, ಆದರೆ ಅವಳ ವಾಕ್ಯದಲ್ಲಿ ಕ್ರಿಯಾಪದ ಎಂದೂ ತಪ್ಪು ಜಾಗದಲ್ಲಿ ಕೂತಿದ್ದಿಲ್ಲ. ನನಗೆ ಕನ್ನಡ ಬರುತ್ತದೆಂದು ತಿಳಿದ ದಿನ ಅವಳ ಮುಖ ಅರಳಿದ್ದು ನೆನಪಿದೆ.

ಹೊರಡುವ ಮೂರು ದಿನ ಮೊದಲು, ಒಂದು ಭಾನುವಾರ, ತಯಾರಿ ತರಗತಿ ಇತ್ತು. ತಂದೆತಾಯಿಯರನ್ನು ಕರೆದುಕೊಂಡು, ಕಟ್ಟಿದ ಚೀಲಗಳನ್ನೂ ತರಬೇಕೆಂದು ಸಂಸ್ಥೆಯ ನಿರ್ದೇಶಕಿ ಹೇಳಿಕಳುಹಿಸಿದ್ದರು. ತರಗತಿ ನಡೆಸಲು ಬಂದವನು ಜರ್ಮನಿಯಲ್ಲಿ ಕೆಲವು ವರ್ಷ ಇದ್ದು ಬಂದ ತರಬೇತುದಾರ. ಇಸ್ತ್ರಿ ಮುರಿಯದ ಕೋಟು, ಬಾಗಿಲಲ್ಲಿ ನಿಂತರೆ ಹಿಂದಿನ ಬೆಂಚಿಗೆ ಮುಟ್ಟುವ ಸೆಂಟು. ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಶುರುಮಾಡಿದ. ನಮ್ಮವರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತಾರೆ ಎಂದ. ಜರ್ಮನರು ಸಭ್ಯರು, ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಎದ್ದು ಹೋಗಿ ಕಿಟಕಿ ತೆರೆಯುತ್ತಾರೆ, ಆಗ ನಿಮಗೆ ಅರ್ಥವಾಗಬೇಕು ಎಂದ. ಎಲ್ಲರೂ ತಮ್ಮ ತೋಳು ಮೂಸಿ ನೋಡಿಕೊಳ್ಳಬೇಕು ಎಂದ. ಮೂಸಿದರು. ಅವನು ಸಾಲುಸಾಲಾಗಿ ನಡೆಯುತ್ತ ಬಂದು ಆ ಹುಡುಗಿಯ ಹತ್ತಿರ ನಿಂತ. ಅವಳ ಅಪ್ಪ ಏನು ಕೆಲಸ ಮಾಡುತ್ತಾನೆಂದು ಕೇಳಿದ. ಹೇಳಿದಳು. ಅವನು ಏನೂ ಮಾತಾಡದೆ ಹೋಗಿ ಅವಳ ಪಕ್ಕದ ಕಿಟಕಿ ತೆರೆದ.

ಕ್ಲಾಸು ನಕ್ಕಿತು. ನಾನು ನಕ್ಕೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಕ್ಕಿರಬೇಕು. ಆಗ ನಗುವುದೇ ಸಭ್ಯತೆ ಎನ್ನುವಂತಿತ್ತು.

ಆಮೇಲೆ ಚೀಲಗಳ ಸರದಿ. ಒಂದೊಂದನ್ನೇ ಮುಂದಿನ ಮೇಜಿನ ಮೇಲಿಟ್ಟು ಬಿಚ್ಚಿಸಿದ. ಬೇರೆಯವರ ಚೀಲದಿಂದ ಒಂದೊಂದು ಉಪ್ಪಿನಕಾಯಿ ಬಾಟಲಿ ಹೋಯಿತಷ್ಟೇ. ಹುಡುಗಿಯ ಚೀಲದಿಂದ ಹೊರಬಂದದ್ದು ಬಿಳಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿಯ ಗಂಟು, ಡಬ್ಬಿಯಲ್ಲಿ ಹಿಂಡಿ ಎನ್ನುವ ಕೆಂಪಗೆ ಕುಟ್ಟಿದ ಶೇಂಗಾ ಚಟ್ನಿಪುಡಿ, ಕೊಬ್ಬರಿ ಎಣ್ಣೆಯ ಸೀಸೆ, ವಿಭೂತಿ ಉಂಡೆ. ಅವನು ಟಿಶ್ಯೂ ಕಾಗದ ತೆಗೆದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವನಂತೆ ಒಂದೊಂದನ್ನೇ ಎತ್ತಿ ಬದಿಗಿಟ್ಟ. ಅವ್ವ ಗೋಡೆಗೆ ಒರಗಿ ನಿಂತಿದ್ದಳು. ನಿರ್ದೇಶಕಿ ನನ್ನ ಕಡೆ ನೋಡಿ, ಆಕೆಗೆ ಆಕೆಯ ಭಾಷೆಯಲ್ಲಿ ತಿಳಿಸಿ ಎಂದರು.

"ಏನಂತಾರ್ರಿ ಅಕ್ಕೋರೆ? ಯಾಕ ತೆಗ್ಯಾಕತ್ತಾರ?" ಎಂದು ಅವ್ವ ಕೇಳಿದಳು.

ನಾನು, "ವಿಮಾನದಾಗ ಬಿಡಂಗಿಲ್ಲಂತ್ರಿ" ಎಂದೆ.

ಆಕೆ ಪಕ್ಕದ ಹುಡುಗನ ಚೀಲದಲ್ಲಿ ಹಾಗೇ ಉಳಿದಿದ್ದ ಬಿಸ್ಕತ್ತು, ಮಿಠಾಯಿ ಡಬ್ಬಿಗಳನ್ನು ನೋಡಿದಳು. ಮತ್ತೆ ನನ್ನ ಮುಖ ನೋಡಿದಳು. "ಇರ್ಲಿ ಬಿಡ್ರಿ. ಹುಡುಗಿ ಉಪಾಸ ಬೀಳಬಾರದಂತ ಕಟ್ಟಿದ್ದೆ" ಎಂದು ಸೆರಗು ಸರಿಪಡಿಸಿಕೊಂಡಳು. ನಾನು ಸುಳ್ಳು ಹೇಳಿದೆನೆಂದು ಆಕೆಗೆ ಗೊತ್ತಾಗಿತ್ತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ, ಮಧ್ಯಾಹ್ನ ನೀರು ಕುಡಿಯಲು ಹಿಂದಿನ ಅಡುಗೆಕೋಣೆಗೆ ಹೋದೆ. ನಿರ್ದೇಶಕಿ, ಆಫೀಸಿನ ಇಬ್ಬರು, ಆ ತರಬೇತುದಾರ ಮೇಜಿನ ಸುತ್ತ ಕೂತಿದ್ದರು. ನಡುವೆ ಬಿಚ್ಚಿದ ಬಿಳಿ ಬಟ್ಟೆ. ರೊಟ್ಟಿ ಮುರಿದು, ಮೊಸರು ತರಿಸಿ ಹಿಂಡಿಗೆ ಕಲಸಿಕೊಂಡು ತಿನ್ನುತ್ತಿದ್ದರು. ಅವನ ಕೋಟು ಕುರ್ಚಿಯ ಬೆನ್ನಿಗಿತ್ತು, ತೋಳು ಮೊಣಕೈವರೆಗೆ ಮಡಚಿದ್ದ. ಬೆರಳುಗಳನ್ನು ಒಂದೊಂದಾಗಿ ಬಾಯಿಗಿಟ್ಟು ಚೀಪುತ್ತ, ಇಂಥದ್ದು ಹೋಟೆಲಿನಲ್ಲಿ ಸಿಗುವುದಿಲ್ಲ ನೋಡಿ ಎಂದ. ಗಲ್ಲದ ಮೇಲೆ ಕೆಂಪು ಪುಡಿ ಅಂಟಿತ್ತು. ಬನ್ನಿ ಬನ್ನಿ, ನಿಮ್ಮ ಕಡೆಯದೇ ಅಲ್ಲವೇ ಎಂದು ನಿರ್ದೇಶಕಿ ಒಂದು ತುಂಡು ನನ್ನ ಕೈಗಿಟ್ಟರು.

ನಾನು ತಿಂದೆ. ಅದನ್ನು ಬರೆಯದೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ರೊಟ್ಟಿ ಹದವಾಗಿ ಒಣಗಿತ್ತು, ಹಿಂಡಿಯಲ್ಲಿ ಬೆಳ್ಳುಳ್ಳಿ ನಮ್ಮವ್ವ ಹಾಕುವಷ್ಟೇ ಇತ್ತು. ಬಾಯಲ್ಲಿ ನೀರೂರಿತು. ಅವನ ಮೇಲಿನ ಹೇಸಿಗೆ ಯಾವುದು, ನನ್ನ ಮೇಲಿನದು ಯಾವುದು ಎಂದು ಬಿಡಿಸಲಾಗದಂತೆ ಎರಡೂ ಆ ರುಚಿಯಲ್ಲೇ ಬೆರೆತವು. ಮನೆಗೆ ಹೋಗಿ ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ.

ಜರ್ಮನಿಯಲ್ಲಿ ಹುಡುಗಿಗೆ ಸಿಕ್ಕಿದ್ದು ಎಪ್ಪತ್ತು ದಾಟಿದ ಒಬ್ಬ ವಿಧವೆಯ ಮನೆ. ತಂಡದ ಮೇಲ್ವಿಚಾರಣೆಗೆಂದು ಜೊತೆಗೆ ಹೋಗಿದ್ದ ನನ್ನ ಕೋಣೆ ಎರಡು ಓಣಿ ಆಚೆ. ಮೊದಲ ವಾರ ದೂರೇನೂ ಬರಲಿಲ್ಲ. ಪಾಠದಲ್ಲಿ ಅವಳೇ ಮುಂದು. ಆದರೆ ಬೆಂಚಿನಲ್ಲಿ ಎಲ್ಲರಿಂದ ಒಂದು ಮೊಳ ದೂರ ಕೂರುತ್ತಿದ್ದಳು, ಕೈ ಬಿರುಕು ಬಿಡುವಷ್ಟು ತೊಳೆಯುತ್ತಿದ್ದಳು. ನಾನು ಕಂಡೂ ಕೇಳಲಿಲ್ಲ. ಕೇಳಿದರೆ ಆ ಭಾನುವಾರದ ಮಾತು ಬರುತ್ತಿತ್ತು.

ಎರಡನೇ ವಾರ ಆ ಮುದುಕಿ ನನ್ನನ್ನು ಕಾಫಿಗೆ ಕರೆದರು. ಹುಡುಗಿ ಪಾಠಕ್ಕೆ ಹೋಗಿದ್ದಳು. ಮೇಜಿನ ಮೇಲೆ ಅವರೇ ಮಾಡಿದ ಪ್ಲಮ್ ಹಣ್ಣಿನ ಕೇಕು ಇತ್ತು. ಬಹಳ ಹೊತ್ತು ಹವೆಯ ಮಾತಾಡಿದರು. ಆಮೇಲೆ ಕಪ್ಪು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು:

"ಮುಚ್ಚುಮರೆ ಮಾಡದೆ ಹೇಳಬೇಕು. ನನ್ನ ಮೈಯಿಂದ ವಾಸನೆ ಬರುತ್ತದೆಯೇ?"

ನನಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಅಡುಗೆಮನೆಗೆ ಅವರು ಕಾಲಿಟ್ಟರೆ ಸಾಕು, ಹುಡುಗಿ ಎದ್ದು ಹೋಗಿ ಕಿಟಕಿ ತೆರೆಯುತ್ತಾಳಂತೆ. ಊಟಕ್ಕೆ ಕೂತರೆ ಮೊದಲು ಕಿಟಕಿ. ಮಳೆ ಬಂದು ಚಳಿಯಾದ ದಿನವೂ ಕಿಟಕಿ. ವಯಸ್ಸಾದವರ ಮೈಗೆ ಒಂದು ವಾಸನೆ ಇರುತ್ತದೆ, ತಮಗೆ ತಿಳಿಯುವುದಿಲ್ಲ, ಹೇಳಲು ಮನೆಯಲ್ಲಿ ಯಾರೂ ಇಲ್ಲ ಎಂದರು. ದಿನಕ್ಕೆ ಎರಡು ಸಲ ಬಟ್ಟೆ ಬದಲಿಸುತ್ತಿದ್ದರಂತೆ. ಹೇಳುತ್ತ ಅವರ ಕುತ್ತಿಗೆ ಕೆಂಪಾಯಿತು.

ಹೈದರಾಬಾದಿನ ಒಂದು ಕೋಣೆಯಲ್ಲಿ ಒಬ್ಬ ಮನುಷ್ಯ ತಮಾಷೆಗೆ ತೆರೆದ ಕಿಟಕಿಯಿಂದಾಗಿ, ಏನೂ ಅರಿಯದ ಈ ಮುದುಕಿ ಕನ್ನಡಿಯ ಮುಂದೆ ನಿಂತು ತನ್ನನ್ನೇ ಮೂಸಿಕೊಳ್ಳುವಂತಾಗಿತ್ತು. ಹಾಗೇನೂ ಇಲ್ಲ, ಅದು ಅವಳ ಅಭ್ಯಾಸ, ನಾನು ಮಾತಾಡುತ್ತೇನೆ ಎಂದಷ್ಟೇ ಹೇಳಿದೆ.

ಪಾಠ ಮುಗಿದ ಮೇಲೆ ಹುಡುಗಿಯನ್ನು ನದಿಯ ದಂಡೆಯ ಬೆಂಚಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಬಿರುಕುಬಿಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತ ಕೂತಳು. ಆಮೇಲೆ ಕೇಳಿದಳು:

"ಮೇಡಂ, ನನ್ನ ಮೈ ನಾರ್ತದೇನ್ರಿ? ಖರೇ ಹೇಳ್ರಿ."

"ಇಲ್ಲವ್ವಾ. ಖರೇನೇ ಇಲ್ಲ."

"ಹಂಗಾದ್ರ ಅವತ್ತ ಯಾಕ ಸುಮ್ಮ ಕುಂತಿದ್ರಿ?"

ಅವಳು ಸ್ವಲ್ಪ ಹೊತ್ತು ಕಾದಳು. ನಿಜವಾಗಿಯೂ ಕಾದಳು, ಏನಾದರೂ ಹೇಳುತ್ತೇನೆಂದು. ಆಮೇಲೆ ಎದ್ದು ಒಬ್ಬಳೇ ಮನೆಗೆ ಹೋದಳು.

ಅಲ್ಲಿ ನಡೆದದ್ದನ್ನು ಮುದುಕಿಯೇ ಮರುದಿನ ಹೇಳಿದರು. ಹುಡುಗಿ ಬಾಗಿಲಲ್ಲೇ ನಿಂತು, ಬಾಯಿಪಾಠ ಮಾಡಿಕೊಂಡವಳಂತೆ, ಕ್ಷಮಿಸಬೇಕು, ಕಿಟಕಿ ತೆರೆದದ್ದು ನಿಮಗಾಗಿ ಅಲ್ಲ, ನನ್ನ ವಾಸನೆ ನಿಮಗೆ ಬರದಿರಲೆಂದು ಎಂದಳಂತೆ. ಯಾರು ಹೀಗೆ ಹೇಳಿದರೆಂದು ಅವರು ಕೇಳಿದರೆ ಹೇಳಲಿಲ್ಲವಂತೆ. ಇಬ್ಬರೂ ಕೂತು ಆಲೂಗಡ್ಡೆ ಸುಲಿದರಂತೆ. ಉಳಿದ ಎರಡು ವಾರ ಹುಡುಗಿ ಅವರ ಜೊತೆ ಸಂತೆಗೆ, ತೋಟಕ್ಕೆ, ಅವರ ಗಂಡನ ಸಮಾಧಿಗೆ ಹೋದಳು. ಅವಳ ಜರ್ಮನ್ನಿಗೆ ಆ ಮುದುಕಿಯ ಮಾತಿನ ಎಳೆತ ಬಂತು. ನನ್ನ ಜೊತೆ ಮಾತ್ರ, ಬೇಕಾದಾಗ, ಕನ್ನಡ ಬಿಟ್ಟು ಜರ್ಮನ್ನಿನಲ್ಲೇ ಮಾತಾಡತೊಡಗಿದಳು.

ವಾಪಸು ಬಂದ ವಾರ ಸಂಸ್ಥೆಯಲ್ಲಿ ಪ್ರಚಾರದ ವಿಡಿಯೋ ಚಿತ್ರೀಕರಣ. ಹುಡುಗಿ ಹೇಳಬೇಕಾದ ಮಾತನ್ನು ಮೊದಲೇ ಬರೆದಿಟ್ಟಿದ್ದರು: ನಾನು ಬಡ ಮನೆಯವಳು, ಜರ್ಮನಿಯಲ್ಲಿ ಶುಚಿತ್ವ ಮತ್ತು ಶಿಸ್ತು ಕಲಿತೆ. ಹುಡುಗಿ ಕಾಗದ ಓದಿ ಮೇಜಿನ ಮೇಲಿಟ್ಟಳು. ಇದನ್ನು ಹೇಳುವುದಿಲ್ಲ, ಅಲ್ಲಿ ಕಲಿತದ್ದನ್ನು ಕೇಳುವುದಾದರೆ ಹೇಳುತ್ತೇನೆ ಎಂದು ತೆಲುಗಿನಲ್ಲಿ ಸ್ಪಷ್ಟವಾಗಿ ನಿರ್ದೇಶಕಿಗೆ ಹೇಳಿದಳು. ಯಾರೂ ಕೇಳಲಿಲ್ಲ, ಅವಳು ಹೊರಟಳು. ಉಚಿತ ಸೀಟು ಪಡೆದವರಿಗೆ ಇಷ್ಟು ಕೃತಜ್ಞತೆಯೂ ಇಲ್ಲವೇ ಎಂದು ನಿರ್ದೇಶಕಿ ಗೊಣಗಿ, ನೀವು ಒಪ್ಪಿಸಿ ಎಂದು ನನ್ನನ್ನು ಅವಳ ಹಿಂದೆ ಅಟ್ಟಿದರು. ನಾನು ಹೋದೆ. ಮೆಟ್ಟಿಲ ತಿರುವಿನವರೆಗೆ ಹೋಗಿ, ಅವಳು ಇಳಿದು ಬಸ್ಸಿನ ಕಡೆ ನಡೆದದ್ದನ್ನು ನೋಡಿ, ಸಿಗಲಿಲ್ಲ ಎಂದು ಬಂದು ಹೇಳಿದೆ. ಅದೇ ಮಾತನ್ನು ಬೇರೊಬ್ಬ ಹುಡುಗ ಕ್ಯಾಮೆರಾದ ಮುಂದೆ ನಗುನಗುತ್ತ ಹೇಳಿದ. 'ಬಡ ಮನೆಯವನು' ಎನ್ನುವುದನ್ನು ಮಾತ್ರ ತೆಗೆದುಹಾಕಿದ್ದರು.

ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ. ಕಾರಣ ಬರೆಯುವ ಜಾಗದಲ್ಲಿ ಮನೆಯ ಜವಾಬ್ದಾರಿ ಎಂದು ಬರೆದೆ. ಆಗಲಾದರೂ ನಿಜ ಬರೆಯಬಹುದಿತ್ತು, ನನ್ನನ್ನು ತಡೆದವರು ಯಾರೂ ಇರಲಿಲ್ಲ. ಆ ತರಬೇತುದಾರ ಈಗಲೂ ತರಗತಿ ನಡೆಸುತ್ತಾನೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ, ಮಕ್ಕಳಿಗೆ ಭಾಳ ಹಿಡಿಸುತ್ತದಂತೆ.

ಹುಡುಗಿ ಜರ್ಮನ್ನಿನ ಮುಂದಿನ ಹಂತದ ಪರೀಕ್ಷೆಗೆ ಬೇರೆ ಕಡೆ ಓದಿ ಪಾಸಾದಳು. ಈಗ ಜರ್ಮನಿಗೆ ಹೋಗುವ ನರ್ಸುಗಳಿಗೆ ಪಟಾನ್‌ಚೆರುವಿನಲ್ಲೇ ಸಂಜೆ ಪಾಠ ಹೇಳುತ್ತಾಳೆ. ಕಳೆದ ವರ್ಷ ವ್ಯಾಕರಣದ ಒಂದು ಸಂಶಯ ಕೇಳಲು ಫೋನು ಮಾಡಿದ್ದಳು. ಕ್ಲಾಸಿನಲ್ಲಿ ನಾನೇ ರೂಢಿಸಿದ್ದ ಸಲುಗೆಯ ರೂಪ ಬಿಟ್ಟು, ಪರಿಚಯವಿಲ್ಲದವರಿಗೆ ಬಳಸುವ ಗೌರವದ ಜರ್ಮನ್ನಿನಲ್ಲಿ ಕೇಳಿದಳು. ನನಗೆ ತಿಳಿದದ್ದನ್ನು ಹೇಳಿದೆ. ಧನ್ಯವಾದ ಹೇಳಿ ಇಟ್ಟಳು.