ಉಜ್ಜಿದರೂ ಹೋಗದ ಕಪ್ಪು

ನಮ್ಮತ್ತೆ ಶಿವರುದ್ರಮ್ಮನವರು ಪಿರಿಯಾಪಟ್ಟಣದ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದ ವರ್ಷವೇ ಹೊಗೆಸೊಪ್ಪು ಕಟ್ಟಲು ಕೂತವರು. ಒಣಗಿಸಲೆಂದು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವ ಅವರ ಕೈಯೋಟಕ್ಕೆ ಇಂದಿಗೂ ಸಾಟಿಯಿಲ್ಲ. ಆ ಕೆಲಸದ ದಿನಗಳಲ್ಲಿ ಎಲ್ಲರ ಕೈಕಾಲಿಗೂ ಎಲೆಯ ಅಂಟು ಕಪ್ಪಗೆ ಮೆತ್ತಿಕೊಂಡಿರುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಬೇಗ ಬಿಡುವುದಿಲ್ಲ.

ಸೊಪ್ಪಿನ ಕೆಲಸವೆಲ್ಲ ಮುಗಿದು, ಸಂಕ್ರಾಂತಿಯೂ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ, ನನ್ನ ಮಗ ಚಿನ್ನುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುತ್ತಿದ್ದರು. ನೀರು ಹೊಯ್ಯುತ್ತಿದ್ದ ನನ್ನ ಕಣ್ಣು ಅವರ ಎಡ ಹಿಮ್ಮಡಿಗೆ ಬಿತ್ತು. ಕೈಗಳು ಎಂದೋ ತಿಳಿಯಾಗಿದ್ದವು; ಅಲ್ಲಿ ಮಾತ್ರ ಕಪ್ಪು ಉಳಿದಿತ್ತು. ಅಂಟಾಗಿದ್ದರೆ ಒಂದೇ ಬಣ್ಣ ಇರಬೇಕಿತ್ತು. ಇದು ಒಂದು ಪಕ್ಕ ಕಾಡಿಗೆ ಕಪ್ಪು, ಇನ್ನೊಂದು ಪಕ್ಕ ಮಾಸಲು ಕಂದು. ಅಂಚು ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ. ಮನಸ್ಸಿಗೆ ಸರಿಬರದೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟೆ. ಶಿವರಾತ್ರಿಗೆ ಮತ್ತೊಂದು ತೆಗೆದು ಹೋಲಿಸಿದೆ. ಅಗಲವಾಗಿತ್ತು.

ಡಾಕ್ಟರಿಗೆ ತೋರಿಸೋಣ ಎಂದು ಫೋಟೊ ಮುಂದಿಟ್ಟರೆ ಗಂಡ ಕಾಂತರಾಜ್ ನಕ್ಕರು. ಸೊಪ್ಪಿನ ಮನೆಯಲ್ಲಿ ಕಪ್ಪು ಕಾಲು ಕಂಡು ಹೆದರುವವಳು ನೀನೊಬ್ಬಳೇ ಎಂದರು. ಅತ್ತೆ ನಗಲಿಲ್ಲ. ನನ್ನನ್ನು ಓರೆಗಣ್ಣಲ್ಲೇ ಅಳೆಯುತ್ತಿದ್ದವರು ಕೊನೆಗೆ ಕೇಳಿಯೇಬಿಟ್ಟರು:

"ನನ್ ಕಾಲ್ ಮ್ಯಾಲೆ ಮಗೀನ ಮಲಗ್ಸಾಕೆ ನಿಂಗೆ ಅಸಯ್ಯ. ಅದ್ಕೇ ಈ ನಾಟ್ಕ. ನೆಟ್ಗೆ ಯೋಳ್ಬುಡು ಕಣಮ್ಮಿ."

ನಾನು ಚಿನ್ನುವನ್ನು ಅವರ ಕಾಲ ಮೇಲೆಯೇ ಮಲಗಿಸಿದೆ. ಆ ಕಪ್ಪಿನ ಮೇಲೆ ಬೆರಳಿಟ್ಟೆ.

"ಅಸಯ್ಯ ಇದ್ದಿದ್ರೆ ಮುಟ್ತಿದ್ನಾ ಅತ್ತೆ? ಇದು ಬೆಳೀತಾ ಐತೆ. ಒಂದ್ಸಲ ತೋರ್ಸನ ಬನ್ನಿ."

ಮಾರನೆಯ ದಿನ ಅತ್ತೆ ನನ್ನ ಜೊತೆ ಬಸ್ಸು ಹತ್ತಿದರು. ಮೈಸೂರಿನ ಚರ್ಮದ ಡಾಕ್ಟರು ಭೂತಗನ್ನಡಿಯಂಥದ್ದನ್ನು ಹಿಮ್ಮಡಿಗೆ ಹಿಡಿದು ಬಹಳ ಹೊತ್ತು ನೋಡಿದರು, ಎರಡೂ ಫೋಟೊ ನೋಡಿದರು, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರ್ ಎಂದು ಬಂತು. ಆದರೆ ಮೇಲ್ಪದರದಲ್ಲೇ ಇತ್ತು, ಆಳಕ್ಕೆ ಇಳಿದಿರಲಿಲ್ಲ. ಅಷ್ಟು ಭಾಗ ಕತ್ತರಿಸಿ ತೆಗೆದು, ತೊಡೆಯ ಚರ್ಮ ಹಾಕಿ ಹೊಲಿದರು.

ಈಗ ಗುಮಾನಿಯೆಲ್ಲ ಅತ್ತೆಯದು. ಸೊಪ್ಪು ಕಟ್ಟಲು ಬರುವ ಹೆಂಗಸರ ಅಂಗಾಲು ನೋಡದೆ ಕೂರಗೊಡುವುದಿಲ್ಲ. ನಿನ್ನೆ ನನ್ನ ಗಲ್ಲ ಹಿಡಿದು ಕುತ್ತಿಗೆಯನ್ನು ಬೆಳಕಿಗೆ ತಿರುಗಿಸಿದರು.

"ಈ ಮಚ್ಚೆ ಯಾವಾಗಿಂದ ಐತೆ?"

ಹುಟ್ಟಿದಾಗಿನಿಂದ ಎಂದೆ. ನಂಬದೆ ನಮ್ಮಮ್ಮನಿಗೆ ಫೋನ್ ಮಾಡಿಸಿ ವಿಚಾರಿಸಿದರು.