ತಿರುಗಿ ನೋಡಬೇಡ

ಮೊನ್ನೆ ವಾಶಿಂಗ್ ಮೆಷಿನ್ನಿಗೆ ಬಟ್ಟೆ ಹಾಕುವಾಗ ಮೊಮ್ಮಗಳ ಪ್ಯಾಂಟಿನ ಜೇಬಿನಿಂದ ಒಂದು ಗಿಡ್ಡ ಬ್ರಶ್ ಬಿತ್ತು. ಅದರ ತುಂಬ ಕೆಂಧೂಳು, ಒದ್ದೆ ಇಟ್ಟಿಗೆಯ ವಾಸನೆ. ಎದುರುಮನೆಯ ಅಂಪೈರ್ ತಾತನ ಬ್ರಶ್ ಅದು. ಮೆಷಿನ್ ಶುರು ಮಾಡದೆ ಹಾಗೇ ನಿಂತೆ...

ಅಮೆರಿಕದ ಈ ಶಾಮ್‌ಬರ್ಗಿನಲ್ಲಿ ಅಷ್ಟು ವರ್ಷ ಎದುರುಬದುರು ಇದ್ದರೂ ಅವರ ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ. ಯಾವಾಗಲೂ ಮೈದಾನದ ತಂತಿಬೇಲಿಯ ಆಚೆ ನಿಂತಿರುತ್ತಿದ್ದರು, ಇಲ್ಲವೇ ಚೆಂಡು ತಗಲದಂತೆ ಅಂಪೈರುಗಳು ಹಾಕುವ ಕಬ್ಬಿಣದ ಜಾಲರಿ ಮುಖವಾಡ ಹಾಕಿರುತ್ತಿದ್ದರು. ಈಗ ನೆನೆಸಿಕೊಂಡರೂ ಮುಖ ಚೌಕಚೌಕವಾಗಿಯೇ ಬರುತ್ತದೆ. ಚಿಕ್ಕಮಕ್ಕಳ ಬೇಸ್‌ಬಾಲಿಗೆ ಹೊಸದಾಗಿ ಅಂಪೈರ್ ಆಗುವವರನ್ನು ಪಳಗಿಸುವುದು ಅವರ ಕೆಲಸವಾಗಿತ್ತು.

ನಮ್ಮ ನಿಧಿ ಹೈಸ್ಕೂಲು ಸೇರಿದ ವರ್ಷ ಅಂಪೈರ್ ಆಗಲು ಹೊರಟಳು. ಮೊದಲನೇ ಮ್ಯಾಚಿನಲ್ಲೇ ಯಾರದೋ ಅಪ್ಪ ಹಿಂದಿನಿಂದ ಕೂಗಾಡಿದ. ಇವಳು ತಿರುಗಿ ನೋಡಿದಳು, ಅತ್ತಳು, ಮನೆಗೆ ಬಂದು ಅಂಗಿ ಬಿಸಾಕಿದಳು.

"ಅಜ್ಜಿ, ಐ ಕ್ವಿಟ್."

"ಬಿಡು. ಬೈಸ್ಕೊಳ್ಳೋಕೆ ಬಿಸಿಲಲ್ಲಿ ನಿಲ್ಬೇಕಾ? ಮನೇಲಿ ನಿಮ್ಮಮ್ಮ ಇಲ್ವಾ?" ಅಂದೆ.

ಅಂಪೈರ್ ತಾತ ಬಿಡಲಿಲ್ಲ. ಇನ್ನೊಂದು ಮ್ಯಾಚ್ ನಿಲ್ಲು, ಆಮೇಲೂ ಬೇಡ ಅನ್ನಿಸಿದರೆ ಬಿಟ್ಟುಬಿಡು ಅಂದರು. ಅಲ್ಲಿಯವರೆಗೆ ದಿನಾ ಸಂಜೆ ಪಾಠ. ನನ್ನನ್ನೂ ಕರೆಸಿ ಬೇಲಿಯ ಪಕ್ಕ ಕುರ್ಚಿ ಹಾಕಿಸಿದರು.

"ಅಜ್ಜಿ, ನೀವು ನನ್ನ ಬೈಬೇಕಂತೆ. ಜೋರಾಗಿ. ಕನ್ನಡದಲ್ಲೇ," ಅಂದಳು ನಿಧಿ.

ಅವಳಿಗೆ ನಾಟುವುದು ನನ್ನ ಬೈಗುಳವೇ ಎಂದು ಆ ಮನುಷ್ಯನಿಗೆ ಹೇಗೆ ಗೊತ್ತಾಯಿತೋ. ಬೈದೆ. "ಕಣ್ಣಿಗೆ ಮಣ್ಣು ಹಾಕ್ಕೊಂಡಿದೀಯೇನೆ? ನಿಮ್ಮಪ್ಪ ಕಾರ್ ಪಾರ್ಕ್ ಮಾಡೋದೂ ಹಿಂಗೇ, ಗೆರೆ ಕಾಣಲ್ಲ." ಅವಳು ನಗುತ್ತ ತಿರುಗಿದರೆ ತಾತ ತಮ್ಮ ಉಂಗುರದಿಂದ ಬೇಲಿಯ ಕಂಬಕ್ಕೆ ಬಡಿಯುತ್ತಿದ್ದರು. ಟಣ್. ತಿರುಗಿ ನೋಡಬೇಡ ಎಂದು ಅರ್ಥ. ಅವಸರಪಟ್ಟು ತೀರ್ಪು ಕೊಡಲು ಹೋದರೂ ಟಣ್. ಕಣ್ಣೆದುರು ನಡೆಯುವುದೆಲ್ಲ ಮುಗಿದ ಮೇಲೆ ಒಂದು ಉಸಿರು, ಆಮೇಲೆ ಬಾಯಿ. ಅವರ ಪಾಠ ಅಷ್ಟೇ.

ಮ್ಯಾಚಿಗೆ ಮುಂಚೆ ತಾತ ಆಸ್ಪತ್ರೆ ಸೇರಿದರು, ಮನೆಗೆ ಬರಲಿಲ್ಲ. ಅವರ ಮಗಳು ಈ ಬ್ರಶ್ಶನ್ನು ನಿಧಿಗೆ ಕೊಟ್ಟು ಹೋದಳು. ಉಂಗುರ ಬೆರಳಲ್ಲೇ ಮಣ್ಣಿಗೆ ಹೋಯಿತಂತೆ.

ಆ ಮ್ಯಾಚಿಗೆ ನಾನೂ ನಿಧಿಯ ಅಮ್ಮನಾದ ನನ್ನ ಮಗಳೂ ಹೋಗಿದ್ದೆವು. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮ. ಒಬ್ಬ ಹುಡುಗ ಧೂಳೆಬ್ಬಿಸಿಕೊಂಡು, ಮುಟ್ಟಿದರೆ ಗೆಲುವಿನ ಓಟ ಸಿಗುವ ನೆಲದ ಬಿಳಿ ಹಲಗೆಯತ್ತ ಜಾರಿ ಬಂದ. ಚೆಂಡು ಹಿಡಿದಿದ್ದವನು ಅವನ ಮೈಮೇಲೆ ಬಿದ್ದ. ಔಟ್ ಕೊಡಲು ನಿಧಿಯ ಕೈ ಮೇಲೆದ್ದಿತು.

ಟಣ್.

ಕೈ ಅರ್ಧಕ್ಕೇ ನಿಂತಿತು. ಒಂದು ಉಸಿರು. ಧೂಳು ಇಳಿಯಿತು. ಚೆಂಡು ಗ್ಲೌಸಿನಿಂದ ಜಾರಿ ನೆಲದ ಮೇಲೆ ಬಿದ್ದಿತ್ತು, ಅಂದರೆ ಔಟ್ ಅಲ್ಲ. "ಸೇಫ್," ಅಂದಳು. ಅವಳ ಬೆನ್ನ ಹಿಂದೆ ಜನ ಕಿರುಚಾಡಿದರು. ಅವಳು ತಿರುಗಲಿಲ್ಲ.

ನಾನು ತಿರುಗಿದೆ. ಕಂಬದ ಹತ್ತಿರ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ.

"ಕೇಳಿಸ್ತೇನೆ?" ಅಂದೆ ಮಗಳಿಗೆ.

"ಏನಮ್ಮಾ?"

ನಿಧಿ ಹಲಗೆಯ ಆಚೆ ಬದಿಗೆ ಹೋಗಿ, ತಾತ ಹೇಳಿಕೊಟ್ಟ ಹಾಗೆ ಜನಕ್ಕೆ ಹಿಂಬದಿ ತೋರಿಸದೆ ಬಗ್ಗಿ, ಧೂಳು ಗುಡಿಸಿದಳು. ಈಗ ಕಂಬ ಅವಳ ಎದುರಿಗೇ ಇತ್ತು. ಅವಳು ತಲೆ ಎತ್ತಲೇ ಇಲ್ಲ.

ಕಾರಿನಲ್ಲಿ ಮೆಲ್ಲಗೆ ಕೇಳಿದಳು, "ಅಜ್ಜಿ, ಡಿಡ್ ಯು ಲುಕ್?"

"ನೋಡ್ದೆ."

"ಡೋಂಟ್ ಟೆಲ್ ಮಿ."

ಹೇಳಲಿಲ್ಲ. ಅವಳೂ ಅಂಪೈರ್ ಕೆಲಸ ಬಿಡಲಿಲ್ಲ. ಈಗ ಕಾಲೇಜು. ಬಿಡುವಿದ್ದಾಗ ಹೊಸಬರಿಗೆ ಅವಳೇ ಕಲಿಸುತ್ತಾಳೆ. ಬೈಯುವುದಕ್ಕೆ ನಾನೇ ಹೋಗುತ್ತೇನೆ.

ಸತ್ತವರು ಸತ್ತರು ಅನ್ನುವವಳು ನಾನು. ಆ ಮನುಷ್ಯನಿಗಾಗಿ ಅತ್ತೂ ಇಲ್ಲ. ಬ್ರಶ್ಶನ್ನು ಮಾತ್ರ ತೊಳೆಯಲು ಮನಸ್ಸಾಗಲಿಲ್ಲ, ಧೂಳಿನ ಸಮೇತ ಎತ್ತಿಟ್ಟೆ. ಮೈದಾನದಲ್ಲಿ ಈಗ ಕುರ್ಚಿಯನ್ನು ಆಟದ ಕಡೆ ಹಾಕಿಕೊಳ್ಳುವುದಿಲ್ಲ, ಆ ಕಂಬದ ಕಡೆ ತಿರುಗಿಸಿಕೊಂಡು ಕೂರುತ್ತೇನೆ.

ಇದುವರೆಗೂ ಬರೀ ಕಂಬ.