ಅಂಗಳದಲ್ಲಿ ಬರೆದ ಟ್ಯಾಬ್

ಹೋದ ವರ್ಷ ಯುಗಾದಿ ಮುಗಿದು, ಬಾಗಿಲ ತೋರಣದ ಮಾವಿನೆಲೆ ಒಣಗಿ ಉದುರುತ್ತಿದ್ದ ದಿನಗಳಲ್ಲಿ ನಡೆದದ್ದು ಇದು. ನಮ್ಮೂರು ಹೊಸದುರ್ಗದ ಹತ್ತಿರದ ಬಾಗೂರು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಹೊಸದುರ್ಗದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಶಿಲ್ಪಾ. ಯಜಮಾನರು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ದನಿ ಎಂದರೆ ದನಿ. ಹಿಂದಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿದರೆ ಡ್ರೈವರ್ ಪಕ್ಕ ನಿದ್ದೆ ಹೋದವರೂ ಎದ್ದು ಚೀಲ ಹುಡುಕಬೇಕು. ಮನೆಯಲ್ಲೂ ಅದೇ ಗಂಟಲು. ನನ್ನ ಸಾರಿಗೆ ಉಪ್ಪು ಕಡಿಮೆಯಾದದ್ದು ಇಡೀ ಬೀದಿಗೆ ಗೊತ್ತಾಗುತ್ತಿತ್ತು.

ಅದಕ್ಕೂ ಎರಡು ವರ್ಷ ಮೊದಲು ಅವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಕಾಲು ಹೇಗೋ ಕೋಲು ಹಿಡಿದು ನಡೆಯುವಷ್ಟು ಬಂತು, ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಹೇಳಬೇಕಾದದ್ದು ತಲೆಯೊಳಗಿದೆ, ಬಾಯಿಗೆ ಇಳಿಯುವುದಿಲ್ಲ. ಅಕ್ಷರವೂ ಕೈಬಿಟ್ಟಿತು, ಬಸ್ಸಿನ ಬೋರ್ಡನ್ನೂ ಓದಲಾರರು. ಉಳಿದದ್ದು ಒಂದೇ ಮಾತು, ‘ರೈಟ್’. ಬೇಕೆಂದರೂ ರೈಟ್, ಬೇಡವೆಂದರೂ ರೈಟ್, ಸಿಟ್ಟು ಬಂದರೆ ನಾಲ್ಕು ಸಲ ರೈಟ್. ತಲೆ ಆಡಿಸುವುದನ್ನಾದರೂ ನಂಬೋಣವೆಂದರೆ ಅದೂ ಅದಲುಬದಲಾಗುತ್ತಿತ್ತು. ಬೇಡ ಎನ್ನುವ ಕಡೆ ಹೂಂ ಎಂದು ಆಡಿಸಿಬಿಟ್ಟು, ಆಮೇಲೆ ತಾವೇ ಹಣೆ ಚಚ್ಚಿಕೊಳ್ಳುತ್ತಿದ್ದರು. ಈ ಕಾಯಿಲೆಯಲ್ಲಿ ಹಾಗೆ ಆಗುತ್ತದೆಂದು ಡಾಕ್ಟರು ಹೇಳಿದ್ದರು.

ಚಿತ್ರದುರ್ಗದಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಮೇಡಂ ಇದಕ್ಕೊಂದು ದಾರಿ ತೋರಿಸಿದರು. ಒಂದು ಟ್ಯಾಬ್ ಕೊಳ್ಳಿರಿ, ಅದರಲ್ಲಿ ಚಿತ್ರಗಳನ್ನು ಹಾಕಿಕೊಡುತ್ತೇನೆ, ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ ಎಂದರು. ಮಾತು ಯಾರ ದನಿಯಲ್ಲಾದರೂ ತುಂಬಬಹುದಂತೆ. ಶಿಲ್ಪಾಗೆ ಆಗ ನೆಗಡಿಯಾಗಿ ಗಂಟಲು ಕಟ್ಟಿತ್ತು, ನಾನೇ ಕೂತು ಎಲ್ಲ ಹೇಳಿದೆ. ಹಾಗಾಗಿ ನಮ್ಮ ಯಜಮಾನರು ನನ್ನ ದನಿಯಲ್ಲಿ ಮಾತಾಡತೊಡಗಿದರು. ನಾನು ಅಡುಗೆಮನೆಯಲ್ಲಿದ್ದರೆ ಹಜಾರದಿಂದ ನನ್ನದೇ ದನಿ ನನ್ನನ್ನು ಗದರಿಸುತ್ತಿತ್ತು, ‘ನಂಗೆ ಸಿಟ್ಟು ಬಂದೈತೆ’ ಎಂದು. ಪಕ್ಕದ ಮನೆ ಗಂಗಮ್ಮ ಗೋಡೆಯಾಚೆ ‘ಒಂದ್ಲೋಟ ಕಾಫಿ ಬೇಕು’ ಎನ್ನುವ ನನ್ನ ದನಿ ಕೇಳಿ, ಪುಣ್ಯವಂತೆ, ಕಾಯಿಲೆ ಗಂಡನ ಕೈಲೂ ಕಾಫಿ ಮಾಡಿಸಿಕೊಂಡು ಕುಡಿಯುತ್ತಾಳೆ ಎಂದು ನಾಲ್ಕು ಮನೆಯಲ್ಲಿ ಹೇಳಿಕೊಂಡು ಬಂದಿದ್ದಳು.

ಇದನ್ನು ಕಲಿಯುವುದು ಸುಲಭವಾಗಿರಲಿಲ್ಲ. ಮೊದಲ ದಿನ ಮೇಡಂ ನೀರಿನ ಲೋಟ ತೋರಿಸಿ ಎಂದರೆ ಇವರು ಎಲ್ಲೋ ಬೆರಳಿಟ್ಟರು. ಪಕ್ಕದಲ್ಲಿ ಅಮ್ಮನ ತೊಡೆ ಮೇಲೆ ಕೂತಿದ್ದ ಒಂದು ಪುಟ್ಟ ಮಗು ಥಟ್ಟನೆ ಕೈ ಚಾಚಿ ಸರಿಯಾದ ಚಿತ್ರ ಮುಟ್ಟಿತು. ಬಸ್ಸಿನಲ್ಲಿ ವಾಪಸು ಬರುವಾಗ ಇವರು ಕಿಟಕಿ ಕಡೆ ತಿರುಗಿದವರು ಊರು ಬರುವವರೆಗೂ ನನ್ನ ಕಡೆ ನೋಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಬೆಳಿಗ್ಗೆ ಸಂಜೆ ಅವರ ಪಕ್ಕ ಕೂತು ಕಲಿಸಿದ್ದೇನೆ. ಕಣ್ಣು ಮುಚ್ಚಿದರೂ ಯಾವ ಚಿತ್ರ ಎಲ್ಲಿದೆ ಎಂದು ನಾನು ಹೇಳಬಲ್ಲವಳಾಗಿದ್ದೆ.

ಆ ಟ್ಯಾಬಿನ ಮೇಲೆ ತೆಂಗಿನಕಾಯಿ ಬಿತ್ತು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು ಯಜಮಾನರು ಮುಖ ತೊಳೆಯಲು ತೊಟ್ಟಿ ಕಡೆ ಹೋಗಿದ್ದರು. ಧಡ್ ಎಂದ ಸದ್ದಿಗೆ ನಾನು ಓಡಿಬಂದಾಗ ಕಾಯಿ ಒಂದು ಕಡೆ ಉರುಳಿತ್ತು, ಟ್ಯಾಬಿನ ಗಾಜು ಪುಡಿಪುಡಿಯಾಗಿತ್ತು. ಕಾಯಿಗೆ ಕಣ್ಣೈತೆ, ಮನುಷ್ಯರ ಮೇಲೆ ಬೀಳಲ್ಲ ಎಂದು ಗಂಗಮ್ಮ ಸಮಾಧಾನ ಹೇಳಿದಳು. ಮೂರು ಕಣ್ಣಿಟ್ಟುಕೊಂಡು ಅಷ್ಟಗಲದ ಟ್ಯಾಬ್ ಕಾಣಲಿಲ್ಲವೇ ಎಂದು ನಾನು ರೇಗಿದೆ. ರೇಗಿದ್ದು ಬಾಯಿಮಾತಿಗೆ ಮಾತ್ರ. ಒಂದೆರಡು ನಿಮಿಷ ಮೊದಲು ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯಜಮಾನರ ತಲೆ ಮುಟ್ಟಿ ನೋಡಿದೆ. ಯಜಮಾನರು ಮಾತ್ರ ಆ ಸತ್ತ ಟ್ಯಾಬನ್ನು ಎತ್ತಿಕೊಂಡು, ಗಾಜಿನ ಚೂರಿದೆ ಎನ್ನುವುದನ್ನೂ ನೋಡದೆ ಬೆರಳಿನಿಂದ ಒತ್ತುತ್ತಲೇ ಇದ್ದರು.

ಶಿಲ್ಪಾ ಮತ್ತು ನಾನು ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಬಿಚ್ಚಿ ನೋಡಿದರು.

“ಅಕ್ಕಾರೆ, ಮೇಲಿನ ಗ್ಲಾಸೂ ಹೋಗೈತೆ, ಒಳಗಿನ ಡಿಸ್‌ಪ್ಲೇನೂ ಹೋಗೈತೆ. ಇದಕ್ಕೆ ಹಾಕೋ ದುಡ್ಡಿಗೆ ಇನ್ನೊಂಚೂರು ಸೇರ್ಸಿದ್ರೆ ಹೊಸದೇ ಬರ್ತೈತೆ. ಯೋಚ್ನೆ ಮಾಡ್ರಿ.”

ಮಾದರಿ ಹಳೆಯದು, ಡಿಸ್‌ಪ್ಲೇ ಹೊರಗಿನಿಂದ ತರಿಸಬೇಕು, ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ, ಒಳಗಿರುವ ಚಿತ್ರ ಮಾತು ಎಲ್ಲ ಉಳಿಯಬಹುದು ಎಂದೂ ಹೇಳಿದರು. ಮೂಗಿಗಿಂತ ಮೂಗುತಿ ಭಾರ ಎನ್ನಿಸಿತು. ಆಮೇಲೆ ಹೇಳುತ್ತೇವೆಂದು ಟ್ಯಾಬನ್ನು ಅಲ್ಲೇ ಬಿಟ್ಟು ಬಂದೆವು.

ಸುದ್ದಿ ಕೇಳಿ ರಾಮಗಿರಿಯಿಂದ ನನ್ನ ತಮ್ಮ ಮಂಜಣ್ಣ ಬಂದ. ಭಾವ ಎಂದರೆ ಅವನಿಗೆ ಪ್ರಾಣ. ಹಳೆಯದಕ್ಕೆ ದುಡ್ಡು ಸುರಿಯುವುದು ದಡ್ಡತನ, ಹೊಸದು ತರೋಣ ಎಂದು ಅವನು. ಹಳೆಯದೇ ಸರಿಯಾದರೆ ಒಳ್ಳೆಯದಲ್ಲವೇ ಎಂದು ಶಿಲ್ಪಾ. ನನಗೆ ಎರಡೂ ಸರಿ ಎನ್ನಿಸುತ್ತಿತ್ತು. ಮದುಮಗನನ್ನು ಬಿಟ್ಟು ಹೊರಟ ದಿಬ್ಬಣದ ಹಾಗೆ ನಮ್ಮ ಚರ್ಚೆ ಹೋಗುತ್ತಿತ್ತು. ಕೊನೆಗೆ ಮಂಜಣ್ಣನಿಗೇ ಹೊಳೆದು, ಯಜಮಾನರ ಕಡೆ ತಿರುಗಿ ಕೇಳಿದ.

“ಭಾವ, ಹೊಸದೇ ತಗಳಾಣ. ಏನಂತೀರಿ?”

“ರೈಟ್.”

“ಅಪ್ಪಾ, ಹಳೇದನ್ನೇ ರಿಪೇರಿ ಮಾಡ್ಸಾಣ್ವಾ?” ಎಂದಳು ಶಿಲ್ಪಾ.

“ರೈಟ್.”

ಮೂವರೂ ನಕ್ಕೆವು. ಅವರು ನಗಲಿಲ್ಲ. ಮಂಜಣ್ಣ ತನಗೆ ಬೇಕಾದ ರೈಟನ್ನು ಹಿಡಿದುಕೊಂಡು ಮರುದಿನವೇ ಹೊಸ ಟ್ಯಾಬ್ ತಂದ. ತೆಳ್ಳಗೆ, ಹಗುರ, ಕನ್ನಡಿಯ ಹಾಗೆ ಫಳಫಳ. ಹಳೆಯವು ಸತ್ತ ಟ್ಯಾಬಿನೊಳಗೇ ಸಿಕ್ಕಿಕೊಂಡಿದ್ದರಿಂದ ಶಿಲ್ಪಾ ಅದಕ್ಕೆ ಬೇರೆ ಮಾತಾಡುವ ಚಿತ್ರಗಳನ್ನು ಇಳಿಸಿದಳು. ಅದರಲ್ಲಿ ಚಿತ್ರಗಳ ಸಾಲು ಬೇರೆ, ದನಿಯೂ ಬೇರೆ, ರೇಡಿಯೋ ವಾರ್ತೆ ಓದುವವರ ಹಾಗಿನ ಗಂಡಸಿನ ದನಿ. ಯಜಮಾನರು ಎಡಗೈ ಬೆರಳಿನಿಂದ ಮೂಲೆಯ ಒಂದು ಚಿತ್ರ ಒತ್ತಿದರು. ‘ನಾನು ಶೌಚಾಲಯಕ್ಕೆ ಹೋಗಬೇಕು’ ಎಂದಿತು ಅದು. ಮಂಜಣ್ಣ ಗಡಬಡಿಸಿ ಎದ್ದು, ಬರ್ರಿ ಭಾವ ಎಂದು ರಟ್ಟೆ ಹಿಡಿದು ಎಬ್ಬಿಸಿದ. ಇವರು ಕೊಸರಿಕೊಂಡು ರೈಟ್ ರೈಟ್ ಎನ್ನುತ್ತಿದ್ದರೂ ಬಾತ್‌ರೂಮಿನ ಬಾಗಿಲವರೆಗೆ ಕರೆದುಕೊಂಡು ಹೋದ. ಅಲ್ಲಿಂದ ಬಂದವರು ಹೊಸ ಟ್ಯಾಬನ್ನು ಬೋರಲು ಮಾಡಿ ಇಟ್ಟು, ಒಳಕೋಣೆಗೆ ಹೋಗಿ ಮಲಗಿಬಿಟ್ಟರು.

ಮತ್ತೆ ಅವರು ಅದನ್ನು ಮುಟ್ಟಲಿಲ್ಲ. ನಾವು ಮುಂದಿಟ್ಟರೆ ಮುಖ ತಿರುಗಿಸಿದರು. ತಾನು ಕೊಡಿಸಿದ್ದೆಂದು ಭಾವ ಮುಟ್ಟುತ್ತಿಲ್ಲವೇನೋ ಎಂದು ಮಂಜಣ್ಣ ನೊಂದುಕೊಂಡು ಊರಿಗೆ ಹೋದ. ಮನೆಯಲ್ಲಿ ನನ್ನ ದನಿ ಒಂದೇ ಉಳಿಯಿತು, ಅದೂ ನನ್ನ ಬಾಯಿಂದ ಬಂದದ್ದು ಮಾತ್ರ. ನಾನು ಊಟಕ್ಕೆ ಕರೆದರೆ ಯಜಮಾನರು ಬರುತ್ತಿದ್ದರು, ಬಡಿಸಿದ್ದನ್ನು ತಿಂದು ಏಳುತ್ತಿದ್ದರು. ಕಾಫಿ ಬೇಕೋ, ಎಲ್ಲಾದರೂ ನೋವಿದೆಯೋ, ಒಂದೂ ತಿಳಿಯದು. ನಾನೇ ಊಹಿಸಿ ಕೊಡುತ್ತಿದ್ದೆ, ತಪ್ಪಿದರೆ ಅವರು ರೇಗುತ್ತಲೂ ಇರಲಿಲ್ಲ. ಹೊಸದು ವಾಪಸು ಕೊಡುವುದಾದರೆ ಈ ವಾರವೇ ಕೊಡಬೇಕೆಂದು ಕೊಂಡ ಅಂಗಡಿಯವರು ಹೇಳಿದ್ದರು. ರಿಪೇರಿ ಅಂಗಡಿಯವರು ಡಿಸ್‌ಪ್ಲೇ ತರಿಸಲೋ ಬೇಡವೋ ಎಂದು ಶಿಲ್ಪಾಗೆ ಫೋನ್ ಮಾಡುತ್ತಿದ್ದರು. ತೀರ್ಮಾನ ಮಾಡಬೇಕಾದವರು ಮಾತ್ರ ಗೋಡೆ ನೋಡುತ್ತಾ ಕೂತಿದ್ದರು. ಈ ಮನುಷ್ಯ ಮತ್ತೆ ಎಂದಾದರೂ ನನ್ನ ಹತ್ತಿರ ಮಾತಾಡುತ್ತಾರೋ ಇಲ್ಲವೋ ಎಂದು ನನಗೆ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ಶಿಲ್ಪಾ ಕೆಲಸಕ್ಕೆ ಹೋದ ಮೇಲೆ, ತಡವಾಗಿ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿಗೆ ಕೂತೆ. ಯಜಮಾನರು ಜಗಲಿ ಮೇಲೆ ಕೂತಿದ್ದರು. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಚುಕ್ಕಿ ಇಡುತ್ತಿತ್ತು. ಚುಕ್ಕಿಗಳ ನಡುವೆ ಗೆರೆ ಎಳೆದದ್ದು ಚೌಕಾಬಾರದ ಮನೆಗಳ ಹಾಗೆ ಬಂತು. ಅದನ್ನು ನೋಡುತ್ತಾ ನನಗೆ ಹಳೆಯ ಟ್ಯಾಬ್ ನೆನಪಾಯಿತು. ಮೊದಲ ಮನೆಯಲ್ಲಿ ನೀರಿನ ಲೋಟ ಬರೆದೆ. ತಲೆಯೆತ್ತಿದರೆ ಯಜಮಾನರು ಜಗಲಿಯ ಅಂಚಿಗೆ ಬಗ್ಗಿ ಕೂತಿದ್ದಾರೆ.

ಆಮೇಲೆ ನಾನು ನಿಲ್ಲಿಸಲಿಲ್ಲ. ಲೋಟದ ಪಕ್ಕ ಕಾಫಿ, ಊಟದ ತಟ್ಟೆ, ಮಾತ್ರೆ. ಎರಡನೆಯ ಸಾಲಿನಲ್ಲಿ ನಾನು, ನೀನು, ಮಗಳು. ಅದರ ಕೆಳಗೆ ಹೌದು, ಬೇಡ, ಸಾಕು. ಕೊನೆಯ ಸಾಲು ಮುಖಗಳದ್ದು. ಖುಷಿ, ಸಿಟ್ಟು, ನೋವು, ಹೆದರಿಕೆ. ಹಳೆಯ ಟ್ಯಾಬಿನಲ್ಲಿ ಅವರು ಸಿಟ್ಟು ಬಿಟ್ಟು ಬೇರೆಯದನ್ನು ಮುಟ್ಟಿದ್ದೇ ಅಪರೂಪ. ನಾನು ಮನುಷ್ಯರ ಮುಖ ಬರೆದರೆ ದೃಷ್ಟಿಗೊಂಬೆಯಾಗುತ್ತದೆ, ಆದರೂ ಬರೆದೆ. ಕೊನೆಗೆ ಎರಡು ಮನೆ ಹೆಚ್ಚಿಗೆ ಎಳೆದು, ಒಂದರಲ್ಲಿ ಬಿರುಕುಬಿಟ್ಟ ಟ್ಯಾಬ್, ಇನ್ನೊಂದರಲ್ಲಿ ಹೊಸ ಟ್ಯಾಬ್ ಹಾಕಿದೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಗಂಗಮ್ಮ, ಇದೇನಕ್ಕ ಇಂಥ ರಂಗೋಲಿ ಎಂದು ನಿಂತಳು. ಇವತ್ತು ಹಿಂಗೇ, ನೀನು ಹೋಗು ಎಂದು ಕಳಿಸಿದೆ.

ಯಜಮಾನರು ಇಳಿದು ಬಂದರು. ರಂಗೋಲಿ ತುಳಿಯಬಾರದೆಂದು ಅವರಿಗೂ ಗೊತ್ತು, ಅಂಚಿನಲ್ಲೇ ನಿಂತು ಸೋತ ಬಲಗೈಯ ಭಾರವನ್ನು ನನ್ನ ಹೆಗಲ ಮೇಲೆ ಹಾಕಿ, ಎಡಗೈಯಲ್ಲಿ ಕೋಲು ಎತ್ತಿದರು.

“ಹೇಳ್ರಿ,” ಎಂದೆ. “ಹೊಸದೋ, ಹಳೇದೋ?”

ಕೋಲಿನ ತುದಿ ಬಿರುಕುಬಿಟ್ಟ ಟ್ಯಾಬಿನ ಮೇಲೆ ನಿಂತಿತು. ಟ್ಯಾಬ್ ಆಗಿದ್ದರೆ ಅದು ಮಾತಾಡುತ್ತಿತ್ತು, ಇಲ್ಲಿ ಮಾತಾಡಬೇಕಾದವಳು ನಾನೇ. ಹಳೇದು ಎಂದು ಗಟ್ಟಿಯಾಗಿ ಹೇಳಿದೆ. ಕೋಲು ಹೊಸದರ ಮೇಲೆ ಹೋಯಿತು, ಅಲ್ಲಿಂದ ‘ಬೇಡ’ದ ಮೇಲೆ. ಹೊಸದು ಬೇಡ ಎಂದೆ. ಮಂಜಣ್ಣ ಕೊಡಿಸಿದ್ದೆಂದು ಬೇಸರವೇ ಎಂದು ಕೇಳಿದೆ. ಮತ್ತೆ ‘ಬೇಡ’ಕ್ಕೇ ಹೋಯಿತು, ಅಲ್ಲ ಎನ್ನಲೂ ಅವರಿಗೆ ಅದೇ ಚಿತ್ರ. ದುಡ್ಡಿನ ಯೋಚನೆಯೇ ಎಂದೆ. ಅದೂ ಅಲ್ಲ.

“ಮತ್ತೆ ಯಾಕ್ರೀ?”

ಕೋಲು ಹೊಸ ಟ್ಯಾಬನ್ನು ಮುಟ್ಟಿ, ನಿಧಾನವಾಗಿ ಕೊನೆಯ ಸಾಲಿಗೆ ಬಂತು. ಸಿಟ್ಟಿನ ಮೇಲೆ ನಿಲ್ಲುತ್ತದೆಂದು ನಾನು ಕಾದಿದ್ದೆ. ಅದನ್ನು ದಾಟಿ ಕಣ್ಣರಳಿಸಿದ ಮುಖದ ಮೇಲೆ ನಿಂತಿತು.

“ನಂಗೆ ಹೆದರಿಕೆ,” ಎಂದು ಅವರ ಪರವಾಗಿ ನಾನು ಹೇಳಿದೆ.

ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಹೋದಾಗಲೂ ಬಾಗಿಲಲ್ಲಿ ನಿಂತು ಜನರಿಗೆ ಧೈರ್ಯ ಹೇಳಿದ ಮನುಷ್ಯ ಇವರು. ನಾವು ಅಷ್ಟು ದಿನ ಅವರು ಚಿತ್ರ ನೋಡಿ ಒತ್ತುತ್ತಾರೆಂದೇ ತಿಳಿದಿದ್ದೆವು. ಮಂಜಣ್ಣ ಅವರನ್ನು ಬಾತ್‌ರೂಮಿಗೆ ಎಳೆದೊಯ್ದದ್ದು ನೆನಪಾಗಿ ಈಗ ಹೊಳೆಯಿತು. ಅವರ ಬೆರಳು ಜಾಗವನ್ನು ನೆನಪಿಟ್ಟುಕೊಂಡಿತ್ತು, ಟಿಕೆಟ್ ಹರಿಯುವಾಗ ಚೀಲದೊಳಗೆ ನೋಡದೆಯೇ ಚಿಲ್ಲರೆ ತೆಗೆಯುತ್ತಿದ್ದ ಹಾಗೆ. ಹಳೆಯದರಲ್ಲಿ ನೀರಿದ್ದ ಮೂಲೆಗೆ ಹೊಸದರಲ್ಲಿ ಬಾತ್‌ರೂಮು ಬಂದು ಕೂತಿತ್ತು. ಅವರು ಅವತ್ತು ಕೇಳಿದ್ದು ಒಂದು ಲೋಟ ನೀರು.

“ಮತ್ತೆ ಮೊದ್ಲಿಂದ ಕಲೀಬೇಕಲ್ಲ ಅಂತಾನಾ?” ಎಂದೆ.

ಕೋಲು ‘ಹೌದು’ ಮೇಲೆ ಬಿತ್ತು. ಎಷ್ಟು ಜೋರಾಗಿ ಒತ್ತಿದರೆಂದರೆ ಅಲ್ಲಿಯ ರಂಗೋಲಿ ಪುಡಿ ಚೆದುರಿಹೋಯಿತು. ಆಯ್ತು, ಹಳೆಯದನ್ನೇ ರಿಪೇರಿ ಮಾಡಿಸೋಣ, ಎಷ್ಟು ದಿನವಾದರೂ ಆಗಲಿ, ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಇಲ್ಲೇ ಬರೆದುಕೊಡುತ್ತೇನೆ ಎಂದೆ. ಅಲ್ಲಿಗೆ ಮಾತು ಮುಗಿಯಿತೆಂದು ಏಳಹೊರಟೆ. ಹೆಗಲ ಮೇಲಿದ್ದ ಅವರ ಸೋತ ಕೈಯ ಭಾರ ನನ್ನನ್ನು ಏಳಗೊಡಲಿಲ್ಲ.

ಕೋಲು ಮತ್ತೆ ಎದ್ದಿತು. ‘ನೀನು’ ಮೇಲೆ ನಿಂತಿತು. ಅಲ್ಲಿಂದ ಸೀದಾ ಹೆದರಿಕೆಯ ಮುಖಕ್ಕೆ ಹೋಯಿತು. ನೀನು, ಹೆದರಿಕೆ ಎಂದು ಓದಿದೆ. ಏನು ಹೇಳುತ್ತಿದ್ದಾರೆಂದು ತಿಳಿಯದೆ ಮುಖ ನೋಡಿದೆ. ಯಾರು ಎಲ್ಲಿಗೆ ಎಂದು ಟಿಕೆಟ್ ಕೇಳುವಾಗ ಏರಿಸುತ್ತಿದ್ದ ಹಾಗೆ ಹುಬ್ಬು ಏರಿಸಿದ್ದರು. ಅದು ಪ್ರಶ್ನೆಯಾಗಿತ್ತು. ನಿನಗೂ ಹೆದರಿಕೆಯೇ ಎಂದು ನನ್ನನ್ನು ಕೇಳುತ್ತಿದ್ದರು.

ನನ್ನ ಬಾಯಿ ಸುಮ್ಮನಿದ್ದದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಅವತ್ತು ಅವರ ಕೈಯಿಂದ ಕೋಲು ತೆಗೆದುಕೊಂಡು, ಚೆದುರಿಹೋಗಿದ್ದ ‘ಹೌದು’ ಮೇಲೆ ನಾನೂ ಇಟ್ಟೆ.

ಹೊಸ ಟ್ಯಾಬ್ ಅಂಗಡಿಗೆ ವಾಪಸು ಹೋಯಿತು. ಕಾರಣ ತಿಳಿದ ಮೇಲೆ ಮಂಜಣ್ಣ ಬಂದು ಭಾವನ ಪಕ್ಕ ಕೂತು ಕಾಫಿ ಕುಡಿದು ಹೋದ. ಡಿಸ್‌ಪ್ಲೇ ಬರಲು ಒಂದು ತಿಂಗಳು ದಾಟಿತು, ಹಳೆಯ ಚಿತ್ರಗಳು ಹಳೆಯ ಜಾಗದಲ್ಲೇ ಇದ್ದವು. ಈಗ ಯಜಮಾನರು ಮೊದಲಿನ ಹಾಗೆ ನನ್ನ ದನಿಯಲ್ಲೇ ನನ್ನನ್ನು ಬೈಯುತ್ತಿದ್ದಾರೆ. ಅಷ್ಟು ಖರ್ಚು ಮಾಡಿ ಹಳೆಯದನ್ನೇ ಇಟ್ಟುಕೊಂಡಿರಲ್ಲ ಎನ್ನುವವರಿಗೆ ನಾನೇನೂ ಹೇಳಲು ಹೋಗುವುದಿಲ್ಲ. ಲಕ್ವ ಹೊಡೆದಾಗಿನಿಂದ ಹಣ್ಣು ಹಿಡಿದು ನೋಡಲು ಬಂದವರೆಲ್ಲ ಅವರು ಹೇಗಿದ್ದಾರೆಂದು ನನ್ನನ್ನು ಕೇಳಿದರು. ನಾನು ಹೇಗಿದ್ದೇನೆಂದು ಕೇಳಿದವರು ಮಾತು ಬಾರದ ಅವರೊಬ್ಬರೇ.